ಊರಲ್ಲಿ ಬಣ್ಣಭೇದದ ಬಗ್ಗೆ ಶಿಬಿರ ಮಾಡಿದವರು ಇದ್ದೀರಾ? ಅನುಭವ ಹೇಳಿ

ಬೇಡ್ತಿ ಬದಿಯವಳು

ನಮ್ಮದು ಯಲ್ಲಾಪುರ ತಾಲೂಕಿನ ಒಂದು ಊರು. ಕಬಡ್ಡಿ ಪಂದ್ಯದಲ್ಲಿ ನಮ್ಮ ತಂಡದ ಸಿದ್ದಿ ಹುಡುಗ (ಸಿದ್ದಿಯರು ಅಂದರೆ ಬಹಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು) ರೈಡಿಗೆ ಹೋದಾಗಲೆಲ್ಲ ಎದುರು ತಂಡದ ಕಡೆಯವರು ಮಂಗನ ಹಾಗೆ ಕೂಗಿದರು. ನಮ್ಮೂರಿನವರೇ ಕೆಲವರು ನಕ್ಕರು. ಆಮೇಲೆ ಹುಡುಗ ಮೈದಾನಕ್ಕೆ ಬರುತ್ತಿಲ್ಲ. ಹಿರಿಯರನ್ನು ಕೇಳಿದರೆ "ತಮಾಷೆಗೆ ಮಾಡಿದ್ದು, ಬಿಡು" ಅಂತಾರೆ. ನಮ್ಮ ಮಹಿಳಾ ಸಂಘ, ಯುವಕ ಮಂಡಳ ಸೇರಿ ದೊಡ್ಡವರಿಗೇ ಒಂದೂವರೆ ದಿನದ ಶಿಬಿರ ಇಡಬೇಕು ಅಂತ ಇದ್ದೇವೆ. ಸುಮಾರು 40 ಜನ. ಕೈಯಲ್ಲಿ 15,000 ರೂಪಾಯಿ ಇದೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು. ಯಾರನ್ನು ಕರೆಯಬೇಕು, ಏನು ಮಾಡಿಸಬೇಕು? ಆ ಹುಡುಗನ ಮನೆಯವರನ್ನು ಕರೆಯುವುದು ಸರಿಯಾ? ಮಾಡಿ ನೋಡಿದವರು ಹೇಳಿ.

ಕಡವಾಡದ ಅಕ್ಕೋರು

ಭಾಷಣ ಇಡಬೇಡಿ. ಭಾಷಣ ಕೇಳಿ ಬದಲಾದವರನ್ನು ನಾನಂತೂ ನೋಡಿಲ್ಲ.

ನಾನು ಹೈಸ್ಕೂಲಿನಲ್ಲಿ ಅಕ್ಕೋರಾಗಿದ್ದೆ, ಈಗ ನಿವೃತ್ತಿ. ಅಮೆರಿಕದ ಅಯೋವಾದಲ್ಲಿ ಜೇನ್ ಎಲಿಯಟ್ ಅನ್ನುವ ಶಿಕ್ಷಕಿ 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮಾರನೇ ದಿನ, ತನ್ನ ಮೂರನೇ ತರಗತಿಯನ್ನು ಕಣ್ಣಿನ ಬಣ್ಣದ ಮೇಲೆ ಎರಡು ಮಾಡಿದಳು. ಒಂದು ದಿನ ಕಂದು ಕಣ್ಣಿನವರು ಮೇಲು, ಮುಂದಿನ ಸಲ ನೀಲಿ ಕಣ್ಣಿನವರು ಮೇಲು. ಮಕ್ಕಳೆಲ್ಲ ಬಿಳಿಯರೇ. ಆದರೂ "ಕೀಳು" ಅಂತ ಕರೆಸಿಕೊಂಡ ಗುಂಪು ಅದೇ ದಿನ ಓದಿನಲ್ಲಿ ಹಿಂದೆ ಬಿತ್ತು. ಗುಂಪು ಅದಲು ಬದಲಾದಾಗ ಓದೂ ಅದಲು ಬದಲಾಯಿತು.

ಅದನ್ನೇ ನಾನು ಒಂಬತ್ತನೇ ತರಗತಿಯಲ್ಲಿ ಮಾಡಿಸಿದೆ. ನಮ್ಮ ಮಕ್ಕಳ ಕಣ್ಣೆಲ್ಲ ಒಂದೇ ಬಣ್ಣ ಅಲ್ವಾ, ಹಾಗಾಗಿ ರಿಬ್ಬನ್. ಹಸಿರು, ಹಳದಿ. ಕಾರವಾರ ಪೇಟೆಯಲ್ಲಿ ಸ್ಯಾಟಿನ್ ರಿಬ್ಬನ್ನಿಗೆ 240 ಕೊಟ್ಟೆ, ಸೇಫ್ಟಿ ಪಿನ್ನಿಗೆ 60. ಹಸಿರಿನವರಿಗೆ ಫಿಲ್ಟರ್ ನೀರು, ಹಳದಿಯವರಿಗೆ ಹೊರಗಿನ ನಲ್ಲಿ. ಹಸಿರಿನವರು ಬೆಂಚಿನ ಮೇಲೆ, ಹಳದಿಯವರು ನೆಲದ ಮೇಲೆ. ಊಟದ ನಂತರ ಅದಲು ಬದಲು. ಹನ್ನೊಂದು ಗಂಟೆಗೇ ಒಬ್ಬ ಹಸಿರಿನವನು ತನ್ನ ಜೀವದ ಗೆಳೆಯನಿಗೆ "ನೀನು ಆಚೆ ಹೋಗಿ ಕುಡಿ" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನೇ ಬೋರ್ಡಿನ ಮೇಲೆ ಬರೆದೆ.

ಆಮೇಲೆ ಗಲಾಟೆ ಆಯಿತು. ಒಬ್ಬರು ತಂದೆ ಮೂರು ಗಂಟೆಗೇ ಬೈಕಿನಲ್ಲಿ ಬಂದರು. "ನನ್ನ ಮಗಳನ್ನು ನೆಲದ ಮೇಲೆ ಕೂರಿಸಿದ್ದು ಯಾರು?" ಅವಳು ಬೆಳಿಗ್ಗೆ ಬೆಂಚಿನ ಮೇಲೆ ಇದ್ದಳಲ್ಲ, ಆಗ ಇವರಿಗೆ ತೊಂದರೆ ಇರಲಿಲ್ಲ! ಹೆಡ್‌ಮಾಸ್ತರರು ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ವಿವರಣೆ ಬರೆದುಕೊಡಿ ಅಂದರು. ನಾಲ್ಕು ಪುಟ ಬರೆದುಕೊಟ್ಟೆ, ಝೆರಾಕ್ಸ್ ಈಗಲೂ ನನ್ನ ಹತ್ತಿರ ಇದೆ. ಇವತ್ತು ಮಾಡು ಅಂದರೂ ಅದನ್ನೇ ಮಾಡುತ್ತೇನೆ. ಜೇನ್ ಎಲಿಯಟ್ಟಿಗೂ ಅವಳ ಊರಿನವರು ಕಾಟ ಕೊಟ್ಟಿದ್ದಾರೆ.

ಹಳಿಯಾಳದವ

ಅಕ್ಕೋರೆ, ಒಂದು ಪ್ರಶ್ನೆ. ನಿಮ್ಮ ತರಗತಿಯಲ್ಲಿ ದಿನಾ ಬೈಸಿಕೊಳ್ಳುವ ಮಗು ಇತ್ತಾ? ಅದಕ್ಕೆ ಬೆಳಿಗ್ಗೆ ಯಾವ ರಿಬ್ಬನ್ ಕೊಟ್ಟಿರಿ?

ಕಡವಾಡದ ಅಕ್ಕೋರು

ಚೀಟಿ ಎತ್ತಿಸಿದ್ದು. ಯಾರಿಗೆ ಯಾವುದು ಬಂತೋ ಅದು.

ಹಳಿಯಾಳದವ

ಹಾಗಾದರೆ ಅರ್ಧ ದಿನ ಅದಕ್ಕೆ ಹೊಸದೇನೂ ಆಗಿರಲಿಕ್ಕಿಲ್ಲ.

ನನ್ನ ಕಥೆ ಹೇಳುತ್ತೇನೆ. ನಾನು ಸಿದ್ದಿ. ಹಳಿಯಾಳ ಕಡೆಯವನು. ಗೂಡ್ಸ್ ಗಾಡಿ ಓಡಿಸುತ್ತೇನೆ. ಈ ಥರದ ಶಿಬಿರ ಎಲ್ಲೇ ನಡೆದರೂ ಒಂದು ಫೋನ್ ಬರುತ್ತದೆ. "ನಿಮ್ಮ ಡಮಾಮಿ ತಂಡ ಕರಕೊಂಡು ಬನ್ನಿ." ಡಮಾಮಿ ಅಂದರೆ ನಮ್ಮ ಡೋಲು, ಅದರ ಜೊತೆಗಿನ ಕುಣಿತ. ಶಿಬಿರ ಇರುವುದು ನಮ್ಮನ್ನು ಹೀಯಾಳಿಸುವವರಿಗೆ. ಕುಣಿಯಬೇಕಾದವರು ನಾವು!

ಒಮ್ಮೆ ಹೋದದ್ದರ ಲೆಕ್ಕ ಕೇಳಿ. ಟೆಂಪೋ ಬಾಡಿಗೆ 3,200. ಅದರಲ್ಲಿ ಸಂಘಟಕರು ಕೊಟ್ಟದ್ದು 2,000. "ಉಳಿದದ್ದು ಆಮೇಲೆ ನೋಡೋಣ" ಅಂದವರು ಈವತ್ತಿಗೂ ನೋಡುತ್ತಲೇ ಇದ್ದಾರೆ. ಏಳು ಜನರ ಕೂಲಿ ಹೋಯಿತು, ಆಗ ಆಳಿಗೆ 450. ಡಮಾಮಿಯ ಚರ್ಮ ಕಾಯಿಸಲಿಕ್ಕೆ ಬೆಂಕಿ ಬೇಕು ಅಂದರೆ ಸಭಾಂಗಣದ ಹಿಂದೆ ಹೊಗೆ ಬರುತ್ತದೆ ಅಂತ ಕಿರಿಕಿರಿ. ಎಲ್ಲರಿಗೂ ಒಂದೊಂದು ಶಾಲು, ಒಂದು ತೆಂಗಿನಕಾಯಿ. ಮಧ್ಯಾಹ್ನ ಊಟಕ್ಕೆ "ಕಲಾವಿದರು ಈ ಕಡೆ" ಅಂತ ಬೇರೆ ಪಂಕ್ತಿ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನಾವು ಕುಣಿದ ಫೋಟೋ ಪೇಪರಿನಲ್ಲಿ ಬಂತು. "ಆಫ್ರಿಕಾದ ಸೊಗಡು" ಅಂತ ಬರೆದಿದ್ದರು. ನನ್ನ ಅಜ್ಜನ ಅಜ್ಜನೂ ಇದೇ ಕಾಡಿನಲ್ಲಿ ಸತ್ತವನು.

ಗೋಕರ್ಣದಲ್ಲಿ ರೂಮ್ ಕೇಳಿದರೆ ಪಾಸ್‌ಪೋರ್ಟ್ ಕೊಡಿ ಅಂತಾರೆ. ಕನ್ನಡದಲ್ಲೇ ಕೇಳಿರುತ್ತೇನೆ, ಕನ್ನಡದಲ್ಲೇ ಪಾಸ್‌ಪೋರ್ಟ್ ಕೇಳುತ್ತಾರೆ. ಆಧಾರ್ ತೋರಿಸಿದರೆ ತಿರುಗಿಸಿ ಮುರುಗಿಸಿ ನೋಡುತ್ತಾರೆ. 2016ರ ಜನವರಿ ಕೊನೆಗೆ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಬಡಿದು ಒಬ್ಬ ಮಹಿಳೆ ತೀರಿಕೊಂಡರು. ಸಿಟ್ಟಾದ ಗುಂಪು ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ಹುಡುಗಿಯ ಮೇಲೆ ಬಿತ್ತು. ಆ ವಾರ ನನ್ನ ರೂಮಿನವರು ನನ್ನನ್ನು ಹಾಲು ತರಲಿಕ್ಕೂ ಬಿಡಲಿಲ್ಲ. ಗುಂಪು ಬಂದರೆ ಯಲ್ಲಾಪುರವೋ ಸುಡಾನೋ ಅಂತ ಕೇಳಿ ಹೊಡೆಯುತ್ತದಾ?

ಹುಡುಗನ ಮನೆಯವರನ್ನು ವೇದಿಕೆಗೆ ಕರೆಯಬೇಡಿ. ಅಷ್ಟೇ ನನ್ನ ಸಲಹೆ.

ಅಡಿಕೆ ತೋಟ

ಸಿಟ್ಟು ಅರ್ಥ ಆಗುತ್ತದೆ. ಆದರೆ ಜನರಿಗೆ ಇತಿಹಾಸ ಗೊತ್ತಿಲ್ಲ, ಅದೇ ಮೂಲ ಸಮಸ್ಯೆ. ನಾವು ಶಿರಸಿ ಕಡೆ ಇತಿಹಾಸದ ಉಪನ್ಯಾಸವನ್ನೇ ಇಟ್ಟೆವು, ಬಹಳ ಚೆನ್ನಾಗಿ ಆಯಿತು.

ಮಲಿಕ್ ಅಂಬರನಿಂದ ಶುರು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖನ್ನಿಗೆ ಬಂದು ಅಹಮದ್‌ನಗರದ ಆಡಳಿತವನ್ನೇ ಕೈಗೆ ತಗೊಂಡವನು. ಜಹಾಂಗೀರನ ಸೈನ್ಯವನ್ನು ವರ್ಷಗಟ್ಟಲೆ ಸತಾಯಿಸಿದ. ಔರಂಗಾಬಾದ್ (2023ರಿಂದ ಛತ್ರಪತಿ ಸಂಭಾಜಿನಗರ) ಮೊದಲು ಅವನು ಕಟ್ಟಿದ ಖಿಡ್ಕಿ. 1626ರಲ್ಲಿ ತೀರಿಕೊಂಡ. ಕೊಂಕಣ ಕರಾವಳಿಯ ಜಂಜೀರಾದಲ್ಲಿ ಸಿದ್ದಿ ನವಾಬರ ಆಳ್ವಿಕೆ 1948ರವರೆಗೂ ಇತ್ತು. ಆಮೇಲೆ ನಮ್ಮ ಕಡೆಯದು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ಗುಲಾಮರನ್ನು ತಂದದ್ದು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ದು. ಇದನ್ನೆಲ್ಲ ಹೇಳಿದಾಗ ಸಭೆ ಗಪ್‌ಚಿಪ್ ಆಗಿತ್ತು.

ಖರ್ಚು ಮಾತ್ರ ಕೈ ಮೀರಿತು. ಧಾರವಾಡದಿಂದ ಬಂದ ಪ್ರಾಧ್ಯಾಪಕರ ಕಾರಿಗೆ 6,500, ಗೌರವಧನ 3,000. ಪ್ರೊಜೆಕ್ಟರ್ ಬಾಡಿಗೆ 1,800. ಸರಿಯಾಗಿ ಜಂಜೀರಾ ಕೋಟೆಯ ಚಿತ್ರ ಬರುವಾಗ ಕರೆಂಟ್ ಹೋಯಿತು. ಜನರೇಟರ್ ತರಿಸಿದೆವು, ಡೀಸೆಲ್ ಸೇರಿ 2,200. ಅದರ ಸದ್ದಿಗೆ ಮೈಕ್ ಕೇಳಲಿಲ್ಲ. ಮೈಕಿನವನು ಇನ್ನೊಂದು ಹಾರ್ನ್ ಕಟ್ಟಿ 500 ಜಾಸ್ತಿ ಹಾಕಿದ. ಊಟ ಎಲೆಗೆ 110ರ ಹಾಗೆ, ಶಿರಾ, ಕೋಸಂಬರಿ, ಎರಡು ಪಲ್ಯ, ಅಪ್ಪೆಹುಳಿ. ಅಪ್ಪೆಮಿಡಿ ನಮ್ಮ ಮನೆಯದೇ, ಅದರ ಲೆಕ್ಕ ಹಾಕಿಲ್ಲ.

ಇನ್ನೊಂದು ಮಾತು. ಇದಕ್ಕೆ ಜನಾಂಗೀಯ ಭೇದ ಅಂತ ದೊಡ್ಡ ಹೆಸರು ಕೊಡುವುದು ನನಗೆ ಒಪ್ಪಿಗೆ ಇಲ್ಲ. ಅದು ಅಮೆರಿಕ, ದಕ್ಷಿಣ ಆಫ್ರಿಕಾದ್ದು. ನಮ್ಮಲ್ಲಿ ಇರುವುದು ಬೇರೆ. ಜನಾಂಗೀಯ ಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ನಮ್ಮ ಸರ್ಕಾರವೂ ಜಾತಿಯನ್ನು ಆ ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ.

ಹಳಿಯಾಳದವ

ತೋಟದವರೇ, ಮಂಗನ ಸದ್ದು ಮಾಡಿದ್ದು ಜಾತಿ ಕೇಳಿ ಅಲ್ಲ, ಮುಖ ನೋಡಿ. ಇನ್ನೇನು ಹೆಸರು ಕೊಡುತ್ತೀರಿ? ಮಲಿಕ್ ಅಂಬರ್ ಸಾಮ್ರಾಜ್ಯ ಆಳಿದ್ದರಿಂದ ನಮಗೆ ಮರ್ಯಾದೆ ಅಂದರೆ, ಆಳದೇ ಇದ್ದ ನಮ್ಮ ಅಜ್ಜಂದಿರಿಗೆ ಇಲ್ಲವಾ?

ಕೋರ್ಟ್ ರಸ್ತೆ

ಡರ್ಬನ್ ಹೇಳಿದವರು ಪೂರ್ತಿ ಹೇಳಬೇಕು. ಜನಾಂಗೀಯ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1968ರಲ್ಲೇ ಸೇರಿದೆ. ಅದರ 1ನೇ ಕಲಮಿನಲ್ಲಿ ಬಣ್ಣವೂ ಇದೆ, ವಂಶವೂ ಇದೆ. 2002ರಲ್ಲಿ ಆ ಒಡಂಬಡಿಕೆಯ ಸಮಿತಿ ವಂಶ ಅನ್ನುವುದರಲ್ಲಿ ಜಾತಿಯೂ ಬರುತ್ತದೆ ಅಂದಿತು. 7ನೇ ಕಲಂ ಪೂರ್ವಗ್ರಹದ ವಿರುದ್ಧ ಶಿಕ್ಷಣ ಕೊಡಿ ಅಂತಲೇ ಹೇಳುತ್ತದೆ. ಅಂದರೆ ಇವರು ಮಾಡಲು ಹೊರಟಿರುವ ಶಿಬಿರ ಮೂಲತಃ ಸರ್ಕಾರ ಮಾಡಬೇಕಾದ ಕೆಲಸ.

ಆದರೆ ಶಿಬಿರದಿಂದ ಏನೂ ಆಗುವುದಿಲ್ಲ ಅನ್ನುವವನು ನಾನು. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡ. ಹಾಗಾಗಿ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಬರುತ್ತದೆ. 3(1)(ಆರ್) ಕಲಂ: ಜನರ ಎದುರು, ಬೇಕಂತಲೇ ಅವಮಾನ. ಕಬಡ್ಡಿ ಮೈದಾನಕ್ಕಿಂತ ದೊಡ್ಡ ಜನರ ಎದುರು ಯಾವುದು? ನಾಲ್ಕು ಗೋಡೆಯ ಒಳಗೆ ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದಕ್ಕೆ ಬರುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ಆ ತೊಡಕೂ ಇಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು. ಒಂದು ತಮಾಷೆ ನೋಡಿ. ಇದೇ ಮಾತು ಗಡಿ ದಾಟಿ ಕಲಘಟಗಿಯಲ್ಲಿ ಆಡಿದ್ದರೆ, ಅಲ್ಲಿಯ ಸಿದ್ದಿಗೆ 2020ರವರೆಗೆ ಈ ಕಾಯ್ದೆಯ ರಕ್ಷಣೆ ಇರಲಿಲ್ಲ. ಧಾರವಾಡ, ಬೆಳಗಾವಿಯ ಸಿದ್ದಿಯರು ಪಟ್ಟಿಗೆ ಬಂದದ್ದೇ ಆಗ.

ನಾನು ನಡೆಸಿದ ಒಂದು ಕೇಸು ಹೇಳುತ್ತೇನೆ. ಸಂತೆಯಲ್ಲಿ ಬೈದದ್ದು, ಹತ್ತಾರು ಜನ ಕೇಳಿದ್ದು. ದೂರು ಬರೆಸಿಕೊಳ್ಳಲಿಕ್ಕೇ ಎರಡು ವಾರ ಓಡಾಡಿಸಿದರು. ಕೋರ್ಟು ಕಾರವಾರದಲ್ಲಿ. ಕಕ್ಷಿದಾರಳು ಬೆಳಗಿನ ಮೊದಲ ಬಸ್ಸಿಗೆ ಹೊರಟರೂ ಕೇಸು ಕರೆಯುವ ಹೊತ್ತಿಗೆ ಬಂದು ಮುಟ್ಟಿದರೆ ಪುಣ್ಯ. ಜೊತೆಗೆ ಇಬ್ಬರು ಸಾಕ್ಷಿ. ಮೂವರ ಬಸ್ಸು, ತಿಂಡಿ, ಊಟ, ಹೋದ ಕೂಲಿ ಸೇರಿ ಒಂದು ತಾರೀಖಿಗೆ 2,000ದ ಮೇಲೆ. ತಾರೀಖಿನ ಮೇಲೆ ತಾರೀಖು. ಕೊನೆಗೆ ಸಾಕ್ಷಿಯಲ್ಲಿ ಒಬ್ಬ "ನನಗೆ ಕಿವಿ ಸರಿ ಕೇಳುವುದಿಲ್ಲ" ಅಂದ. ಅವನ ಮಗನಿಗೆ ಆರೋಪಿಯ ತೋಟದಲ್ಲಿ ಕೆಲಸ ಸಿಕ್ಕಿತ್ತು.

ಬೈತಖೋಲ

ವಕೀಲರೇ, ಶಿಬಿರದಿಂದ ಏನೂ ಆಗುವುದಿಲ್ಲ ಅಂದಿರಿ. ಕೇಸಿನಿಂದ ಏನಾಯಿತು ಅಂತ ನೀವೇ ಹೇಳಿದಿರಿ.

ಕೋರ್ಟ್ ರಸ್ತೆ

ಆ ಮನುಷ್ಯ ಮತ್ತೆ ಸಂತೆಯಲ್ಲಿ ಯಾರಿಗೂ ಬೈದಿಲ್ಲ. ಅದು ಆಯಿತು.

ಬೈತಖೋಲ

ಸರಿ. ನನ್ನದು ಬಂದರಿನ ಅನುಭವ. ಬೋಟ್ ಮಾಲೀಕರ ಹತ್ತಿರ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಬೋಟಿನ ಕಲಾಸಿಗಳು (ಬೋಟಿನಲ್ಲಿ ದುಡಿಯುವ ಆಳುಗಳು) ಒಡಿಶಾ, ಜಾರ್ಖಂಡ್ ಕಡೆಯವರು ಜಾಸ್ತಿ. ಎಲ್ಲರೂ ಭಾರತೀಯರೇ, ಆದರೂ ಕರೆಯುವುದು ನೋಡಿ: "ಏ ಕಾಲಾ", "ಏ ಜಂಗ್ಲಿ". ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ದಂಡೆಯ ಮೇಲೆ ಒಂದು ಫೋನ್ ಕಳೆದರೆ ಮೊದಲು ಇವರ ಚೀಲ ಬಿಚ್ಚುವುದು. ಒಮ್ಮೆ ಹಾಗೇ ಆಗಿ ಒಬ್ಬನಿಗೆ ಹೊಡೆದೂ ಆಯಿತು. ಫೋನು ಮಾಲೀಕನ ಅಳಿಯನ ಬೈಕಿನ ಡಿಕ್ಕಿಯಲ್ಲಿ ಇತ್ತು.

ಅದಾದ ಮೇಲೆ ನಾವು ಕೆಲವರು ಸೇರಿ ಸಂಜೆ ಕ್ಲಾಸ್ ಶುರು ಮಾಡಿದೆವು. ಕಲಾಸಿಗಳಿಗೆ ಕನ್ನಡ, ನಮ್ಮ ಹುಡುಗರಿಗೆ ಹಿಂದಿ, ಮಧ್ಯೆ ಒಬ್ಬೊಬ್ಬರ ಊರಿನ ಮಾತು. ಬೋರ್ಡಿಗೆ 850, ಎಲ್‌ಇಡಿ ಬಲ್ಬು, ವೈರು 400. ಹಾಲು ಜಾಸ್ತಿ ಆಯಿತು ಅಂತ ಚಹಾದ ಅಂಗಡಿಯವಳು ತಿಂಗಳಿಗೆ 1,100 ಬರೆದಿದ್ದಳು. ಕ್ಲಾಸು ನಿಂತಿತು. ಬೋಟು ರಾತ್ರಿ ಹೊರಟರೆ ಹುಡುಗರು ಇಲ್ಲ, ಬಂದರೆ ನಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಎಲ್ಲರೂ ಊರಿಗೆ. ಆಗಸ್ಟಿನಲ್ಲಿ ಬರುವವರು ಬೇರೆಯೇ ಮುಖಗಳು. ಮತ್ತೆ ಅ ಆ ಇ ಈ.

ಉಳಿದದ್ದು ವಾಲಿಬಾಲ್ ಒಂದೇ. ಒಂದು ಶರತ್ತು ಹಾಕಿದೆವು: ತಂಡದಲ್ಲಿ ಮೂರು ಜನ ಇಲ್ಲಿಯವರು, ಮೂರು ಜನ ಹೊರಗಿನವರು. ಬೇರೆ ಬೇರೆ ತಂಡ ಮಾಡಿದ್ದರೆ ಜಗಳವೇ ಆಗುತ್ತಿತ್ತು. ಸೋತರೆ ಒಟ್ಟಿಗೆ ಸೋಲಬೇಕು. ಪಾಸ್ ಕೊಡಬೇಕಾದರೆ ಹೆಸರು ಬೇಕು. ಹಾಗೆ ಹೆಸರು ಬಂತು.

ಹಳಿಯಾಳದವ

ಆಟ ಅಂದಿರಿ, ಅದರದ್ದೂ ಇದೆ. 1980ರ ದಶಕದ ಕೊನೆಗೆ ಸರ್ಕಾರದ ಕ್ರೀಡಾ ಯೋಜನೆಯವರು ನಮ್ಮ ಊರುಗಳಿಗೆ ಬಂದು ಮಕ್ಕಳನ್ನು ಆರಿಸಿದರು. ಆಫ್ರಿಕಾ ರಕ್ತ, ಓಡುತ್ತಾರೆ ಅಂತ. ನನ್ನ ಕಾಕಾ ಹಾಸ್ಟೆಲಿಗೆ ಹೋದ. ಶಾಲೆಯ ಓದು ಹಿಂದೆ ಬಿತ್ತು. 90ರ ದಶಕದಲ್ಲಿ ಅದನ್ನು ನಮ್ಮ ಪಾಲಿಗೆ ನಿಲ್ಲಿಸಿದರು. ಕಾಕಾ ವಾಪಸ್ ಬಂದು ಕೂಲಿಗೆ ಹೋದ. ಸರ್ಟಿಫಿಕೇಟುಗಳು ಟ್ರಂಕಿನಲ್ಲಿ ಇವೆ. ಆಟ ಒಳ್ಳೆಯದೇ. "ನೀವು ಹುಟ್ಟಾ ಓಟಗಾರರು" ಅಂತ ಹೊಗಳುವುದೂ ಮುಖ ನೋಡಿ ಹೇಳುವ ಮಾತೇ. ಆ ವಿಷಯವನ್ನು ಶಿಬಿರದಲ್ಲಿ ಯಾರೂ ಎತ್ತುವುದಿಲ್ಲ.

ಕುಮಟಾ ತಾಯಿ

ಎಲ್ಲರೂ ಮೈದಾನ, ಕೋರ್ಟು ಅಂತ ಹೊರಗಡೆ ನೋಡುತ್ತಿದ್ದೀರಿ. ಮನೆ ಒಳಗೆ ನೋಡಿ. ನನ್ನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು, ಉಪ್ಪಿಟ್ಟು ತಿಂದು, ಕೈ ತೊಳೆದು, "ಹುಡುಗಿ ಲಕ್ಷಣ ಇದ್ದಾಳೆ, ಬಣ್ಣ ಸ್ವಲ್ಪ..." ಅಂದರು. ಹಾಗೆ ಅಂದವಳು ನನಗಿಂತ ಕಪ್ಪು! ಆಮೇಲೆ ನಮ್ಮ ಅತ್ತಿಗೆಯೇ ಮಗಳಿಗೆ ಕ್ರೀಮ್ ತಂದುಕೊಟ್ಟಳು. ಆ ಕಂಪನಿಯವರೇ 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಅಂತ ಮಾಡಿದರು. ನಮ್ಮ ಅತ್ತಿಗೆ ಇನ್ನೂ ಹಳೇ ಹೆಸರಲ್ಲೇ ಕೇಳುತ್ತಾಳೆ, ಅಂಗಡಿಯವನೂ ಕೊಡುತ್ತಾನೆ.

ನಾನು ಅಂಗನವಾಡಿಯಲ್ಲಿ ತಾಯಂದಿರ ಸಭೆಯಲ್ಲಿ ವಿಜ್ಞಾನ ಹೇಳಿದೆ. ಚರ್ಮದಲ್ಲಿ ಮೆಲನಿನ್ ಇದೆ, ಜಾಸ್ತಿ ಇದ್ದರೆ ಕಪ್ಪು. ಬಿಸಿಲು ಜಾಸ್ತಿ ಇರುವ ಕಡೆ ಅದು ಬೇಕು, ಸುಡುವ ಕಿರಣ ತಡೆಯುತ್ತದೆ, ಬಸುರಿಗೆ ಬೇಕಾದ ಫೋಲೇಟ್ ಅನ್ನುವ ವಿಟಮಿನ್ ಕಾಪಾಡುತ್ತದೆ. ಬಿಸಿಲು ಕಮ್ಮಿ ಇರುವ ಕಡೆ ವಿಟಮಿನ್ ಡಿ ಸಿಗಬೇಕಲ್ಲ, ಹಾಗಾಗಿ ಅಲ್ಲಿ ಬಿಳಿ. ಅಷ್ಟೇ ಕಥೆ, ಬುದ್ಧಿಗೂ ಗುಣಕ್ಕೂ ಸಂಬಂಧ ಇಲ್ಲ. 1972ರಲ್ಲಿ ಲೆವೊಂಟಿನ್ ಅನ್ನುವ ವಿಜ್ಞಾನಿ ಲೆಕ್ಕ ಹಾಕಿದ್ದ. ಮನುಷ್ಯರೊಳಗಿನ ತಳಿ ವ್ಯತ್ಯಾಸದಲ್ಲಿ ಸುಮಾರು 85 ಭಾಗ ಒಂದೇ ಜನಸಮುದಾಯದ ಒಳಗೇ ಇದೆ. ಜನಾಂಗ ಜನಾಂಗದ ನಡುವೆ ಇರುವುದು ಬಹಳ ಕಮ್ಮಿ.

ಎಲ್ಲರೂ ತಲೆ ಆಡಿಸಿದರು. ಸಭೆ ಮುಗಿದ ಮೇಲೆ ಒಬ್ಬಳು ಬಂದು ಮೆಲ್ಲಗೆ ಕೇಳಿದಳು, "ಅಕ್ಕಾ, ಮೆಲನಿನ್ ಕಮ್ಮಿ ಮಾಡಲಿಕ್ಕೆ ಏನು ತಿನ್ನಬೇಕು?" ಚಾರ್ಟಿಗೆ 350 ಕೊಟ್ಟು ಬರೆಸಿದ್ದೆ ಮಾರಾಯ್ರೆ.

ಕ್ಯಾಂಪ್ ಹತ್ತಿರದ ಅಂಗಡಿ

ಮುಂಡಗೋಡಿನಿಂದ. ಟಿಬೇಟಿಯನ್ ಕ್ಯಾಂಪು 1966ರಿಂದ ಇದೆ. ಇಲ್ಲೇ ಹುಟ್ಟಿ ಅಜ್ಜ ಆದವರೂ ಇದ್ದಾರೆ. ನನ್ನ ಅಂಗಡಿಗೆ ದಿನಾ ಬರುವವರು ಅವರು. 2020ರಲ್ಲಿ ಅವರಲ್ಲಿ ಒಬ್ಬ ಹುಡುಗ ಹುಬ್ಬಳ್ಳಿ ಬಸ್ಸಿನಿಂದ ಇಳಿದು ನಡೆದು ಬಂದ. ಪಕ್ಕದಲ್ಲಿ ಕೂತವರು "ಕೊರೊನಾ" ಅಂತ ಸೀಟು ಬಿಟ್ಟು ಎದ್ದರಂತೆ. ಚೀನಾದವರಿಂದ ಓಡಿ ಬಂದವರನ್ನು ಚೀನಾದವರು ಅನ್ನುವುದು! 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ, ತನ್ನನ್ನು ಹೀಯಾಳಿಸಿದವರಿಂದ ಪೆಟ್ಟು ತಿಂದು ಸತ್ತ ಮೇಲೆ ಸರ್ಕಾರದ ಬೆಜ್‌ಬರುವಾ ಸಮಿತಿ ಆಯಿತು, ಶಾಲೆಯ ಪಾಠದಲ್ಲಿ ಈಶಾನ್ಯದ ವಿಷಯ ಬರಲಿ ಅಂದಿತು. ನನ್ನ ಮಗನ ಪುಸ್ತಕ ತೆಗೆದು ನೋಡಿದೆ. ಒಂದು ನೃತ್ಯದ ಚಿತ್ರ ಇದೆ.

ರಿಬ್ಬನ್ ಆಟ ಮಕ್ಕಳಿಗೆ ಸರಿ. ನಮ್ಮೂರಿನ ಹಿರಿಯರಿಗೆ ಹಳದಿ ರಿಬ್ಬನ್ ಕಟ್ಟಿದರೆ ಶಿಬಿರದ ಬದಲು ಪಂಚಾಯ್ತಿ ಆಗುತ್ತದೆ.

ಕಡವಾಡದ ಅಕ್ಕೋರು

ಮಾಡಿ ನೋಡದವರು ಹೇಳುವ ಮಾತು ಇದು. ದೊಡ್ಡವರಿಗೂ ಮಾಡಿಸಬಹುದು, ಮೊದಲೇ ಒಪ್ಪಿಗೆ ಬರೆಸಿಕೊಳ್ಳಬೇಕು.

ಕ್ಯಾಂಪ್ ಹತ್ತಿರದ ಅಂಗಡಿ

ಕೀಳಾಗಲಿಕ್ಕೆ ಒಪ್ಪಿಗೆ ಬರೆದುಕೊಟ್ಟ ಮೇಲೆ ಅದು ನಾಟಕ ಅಲ್ವಾ ಅಕ್ಕೋರೆ?

ಕವದಿ

ನಾನೂ ಸಿದ್ದಿ. ಯಲ್ಲಾಪುರ ಕಡೆಯವಳು. ಹಳಿಯಾಳದ ಅಣ್ಣ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಕರೆದವರ ಮುಂದೆ ಕುಣಿದು ಬರುವುದು ನನಗೂ ಬೇಡ. ಆದರೆ ಮನೆಯಲ್ಲೇ ಕೂತು ಇವರಾಗಿ ಕಲಿಯಲಿ ಅಂದರೆ ಇನ್ನು ನಾಲ್ಕು ನೂರು ವರ್ಷ ಬೇಕು.

ನಾನು ಮಾಡಿದ್ದು ಕವದಿ ಹೊಲಿಗೆ. ಬೇರೆ ಬೇರೆ ಕೇರಿಯ ಹೆಂಗಸರು, ಎಲ್ಲರೂ ಮನೆಯಿಂದ ಒಂದು ಹಳೇ ಸೀರೆ ತರಬೇಕು. ಒಂದೇ ಕವದಿ, ಸುತ್ತ ಎಲ್ಲರೂ ನೆಲದ ಮೇಲೆ. ಅಂಚಿನಿಂದ ಒಳಗೆ ಹೊಲಿಯುತ್ತಾ ಬರಬೇಕು, ಹಾಗಾಗಿ ದಿನ ಕಳೆದ ಹಾಗೆ ಹತ್ತಿರ ಹತ್ತಿರ ಕೂರಲೇಬೇಕು, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಕೈ ಕೆಲಸದಲ್ಲಿದ್ದರೆ ಬಾಯಿ ಬಿಡುತ್ತದೆ. ಕಲಿಸುವವಳು ನಾನು, ಅವರು ನನ್ನ ಕೈ ನೋಡಿ ಕಲಿಯಬೇಕು. ಹೊಲಿಗೆ ಓರೆಯಾದರೆ ಬಿಚ್ಚಿಸುತ್ತೇನೆ. ನನ್ನಿಂದ "ಬಿಚ್ಚಿ" ಅನ್ನಿಸಿಕೊಂಡದ್ದು ಕೆಲವರಿಗೆ ಮೊದಲ ದಿನ ಬಹಳ ಕಷ್ಟ ಆಯಿತು. ನನಗೆ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ.

ಖರ್ಚು: ದಾರ 320, ಸೂಜಿ 90, ಅದರಲ್ಲಿ ಅರ್ಧ ಕಳೆದವು. ಅವಲಕ್ಕಿ, ಚಹಾ ಸರದಿ ಮೇಲೆ. ಮೈಕ್ ಇಲ್ಲ, ಶಾಲು ಇಲ್ಲ. ಮೂರನೇ ವಾರಕ್ಕೆ ಇಬ್ಬರು ಬಿಟ್ಟರು. ಒಬ್ಬಳಿಗೆ ಮನೆಯಲ್ಲಿ "ಅಲ್ಲಿ ಚಹಾ ಕುಡಿದೆಯಾ" ಅಂತ ಕೇಳಿದರಂತೆ. ಆಮೇಲೆ ಬೆಂಗಳೂರಿನಿಂದ ಒಬ್ಬರು ಬಂದು ಕವದಿಗೆ 4,000 ಕೊಡುತ್ತೇನೆ ಅಂದರು. ಅಲ್ಲಿಗೆ ಜಗಳ ಶುರು. ದುಡ್ಡು ಯಾರದ್ದು? ಸೀರೆ ಕೊಟ್ಟವರದ್ದಾ, ಹೊಲಿದವರದ್ದಾ, ಕಲಿಸಿದವಳದ್ದಾ? ಕೊನೆಗೆ ಮಾರಲಿಲ್ಲ. ಕವದಿ ನನ್ನ ಮನೆಯಲ್ಲೇ ಇದೆ.

ಹಳಿಯಾಳದವ

ತಂಗೀ, ನಾನು ಡಮಾಮಿ ಬಡಿದರೆ ತೋರಿಕೆ, ನೀನು ಕವದಿ ಹೊಲಿದರೆ ಶಿಕ್ಷಣವಾ?

ಕವದಿ

ನಿನ್ನನ್ನು ಕರೆದದ್ದು ಅವರು, ಅವರನ್ನು ಕರೆದದ್ದು ನಾನು. ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲವಾ ಅಣ್ಣಾ? ಟೆಂಪೋ ಬಾಡಿಗೆ ಬಾಕಿ ಇದೆ ಅಂತ ಎಲ್ಲರ ಮೇಲೂ ಹರಿಹಾಯಬೇಡ.

ಹಳಿಯಾಳದವ

1,200 ರೂಪಾಯಿ. ನಿನಗೆ ಸಣ್ಣದು.

ಅಡಿಕೆ ತೋಟ

ಹೊಲಿಗೆ, ವಾಲಿಬಾಲ್ ಎಲ್ಲ ಒಳ್ಳೆಯದು, ಆದರೆ ವಿಚಾರ ಎಲ್ಲಿದೆ? 40 ಜನ ಕೂತು ವಾಲಿಬಾಲ್ ಆಡಿದರೆ ಗುಲಾಮಗಿರಿ ಏನು ಅಂತ ತಿಳಿಯುತ್ತದಾ? ಸಂಘಟಕರಿಗೆ ಸುಲಭ ಆಗಲಿ ಅಂತ ಹೇಳುತ್ತೇನೆ: ಎಲೆ ಊಟ ಇಡಿ, ಕಾಗದದ ಲೋಟ ತನ್ನಿ. ನೂರಕ್ಕೆ 70 ರೂಪಾಯಿ. ತೊಳೆಯುವ ರಗಳೆಯೇ ಇಲ್ಲ, ಯಾರ ಲೋಟ ಯಾರದ್ದು ಅನ್ನುವ ಪ್ರಶ್ನೆಯೂ ಇಲ್ಲ.

ಕವದಿ

ತೋಟದವರೇ, ಆ ಪ್ರಶ್ನೆ ಬರಲಿ ಅಂತಲೇ ಅಲ್ವಾ ಶಿಬಿರ? ಕಾಗದದ ಲೋಟ ತಂದ ಕೂಡಲೇ ಎಲ್ಲರೂ ಸಮಾನರು, ಸಂಜೆ ಮನೆಗೆ ಹೋದ ಮೇಲೆ ಮತ್ತೆ ನಮಗೆ ಅಂತ ಬೇರೆ ಇಟ್ಟ ಜಗುಲಿಯ ಮೂಲೆಯ ಲೋಟ. ಸ್ಟೀಲ್ ಲೋಟ ತನ್ನಿ.

ಅಡಿಕೆ ತೋಟ

ನಮ್ಮ ಮನೆಯಲ್ಲಿ ಮೂಲೆ ಲೋಟ ಅಂತ ಇಲ್ಲ. ಗೊತ್ತಿಲ್ಲದೆ ಮಾತಾಡಬಾರದು.

ಹಳಿಯಾಳದವ

ನಿಮ್ಮ ಉಪನ್ಯಾಸದ ದಿನ ಎಲೆ ಎತ್ತಿದವರು ಯಾರು?

ಅಡಿಕೆ ತೋಟ

ಅಡುಗೆಯವರ ಕಡೆಯ ಆಳುಗಳು. ಅದು ಅವರ ಗುತ್ತಿಗೆಯಲ್ಲೇ ಇತ್ತು.

ಹಳಿಯಾಳದವ

ಯಾವ ಕೇರಿಯವರು?

ಬೇಡ್ತಿ ಬದಿಯವಳು

ದಯವಿಟ್ಟು ಜಗಳ ಬೇಡ. ಇಷ್ಟು ಓದಿ ಕೆಲವು ಬದಲಾಯಿಸಿದ್ದೇವೆ. ಹೊರಗಿನಿಂದ ಉಪನ್ಯಾಸಕರು ಬೇಡ, ಅದಕ್ಕೇ 9,500 ಹೋಗುತ್ತದೆ. ಹುಡುಗನ ತಾಯಿಯ ಹತ್ತಿರ ಹೋಗಿ ಕೇಳಿದೆ. "ನಾವು ಬರುವುದಿಲ್ಲ. ಕೂಗಿದವರನ್ನು ಕೂರಿಸಿ" ಅಂದರು. ಹಾಗಾಗಿ ಎದುರು ತಂಡದ ಊರಿನವರನ್ನೂ ಕರೆಯುತ್ತೇವೆ. ಮೊದಲ ದಿನ ಕವದಿ ಅಕ್ಕನ ಹಾಗೆ ಏನಾದರೂ ಕೈಕೆಲಸ, ಎರಡನೇ ದಿನ ಅರ್ಧ ವಕೀಲರು ಕಾಯ್ದೆ ಹೇಳಿದರೆ ಒಳ್ಳೆಯದು. ಬರುತ್ತೀರಾ ವಕೀಲರೇ?

ಕೋರ್ಟ್ ರಸ್ತೆ

ಬರುತ್ತೇನೆ. ದುಡ್ಡು ಬೇಡ. ಆದರೆ ಎದುರು ಊರಿಗೆ ಕೊಡುವ ಪತ್ರದಲ್ಲಿ "ತಮಾಷೆಗೆ ನಡೆದ ಘಟನೆ" ಅಂತ ಬರೆಯಬೇಡಿ. ನಾಳೆ ಮನೆಯವರು ದೂರು ಕೊಡಬೇಕು ಅಂದರೆ ಆ ಪತ್ರವೇ ಅವರ ಕಾಲಿಗೆ ತೊಡರುತ್ತದೆ. ಆದದ್ದನ್ನು ಆದ ಹಾಗೇ ಬರೆಯಿರಿ. ಮುಟ್ಟಿದ್ದಕ್ಕೆ ಸಹಿ ತಗೊಳ್ಳಿ.

ಕಡವಾಡದ ಅಕ್ಕೋರು

ರಿಬ್ಬನ್ ನನ್ನ ಹತ್ತಿರ ಹಾಗೇ ಇದೆ, ಬೇಕಾದರೆ ಕಳಿಸುತ್ತೇನೆ.

ಕವದಿ

ಅಕ್ಕೋರೆ, ರಿಬ್ಬನ್ ಕಳಿಸಿ, ಕವದಿ ಅಂಚಿಗೆ ಆಗುತ್ತದೆ. ತಂಗೀ, ನಾನು ಬರುತ್ತೇನೆ, ನನ್ನ ದಿನದ ಕೂಲಿ 600, ಬಸ್ ಚಾರ್ಜ್ ಬೇರೆ. ಶಾಲು ಬೇಡ. ಚಹಾ ಕುಡಿದ ಮೇಲೆ ಎಲ್ಲರೂ ಲೋಟ ತೊಳೆಯಬೇಕು, ಸರದಿ ಮೇಲೆ. ಗಂಡಸರೂ.

ಅಡಿಕೆ ತೋಟ

ಗಂಡಸರು ಲೋಟ ತೊಳೆಯುತ್ತಾ ಕೂತರೆ ಶಿಬಿರ ಯಾವಾಗ ನಡೆಯುವುದು?

ಬೈತಖೋಲ

ಬೋಟಿನಲ್ಲಿ ನಾವೇ ತೊಳೆಯುವುದು. ಏನೂ ನಿಂತಿಲ್ಲ.

ಕುಮಟಾ ತಾಯಿ

ನಮ್ಮ ಸಂಘದಲ್ಲಿ 60 ಸ್ಟೀಲ್ ಲೋಟ ಇವೆ. ಯಲ್ಲಾಪುರದವರೆಗೆ ಬಸ್ಸಿನಲ್ಲಿ ಹಾಕಿ ಕಳಿಸುತ್ತೇನೆ. ಬಾಡಿಗೆ ಬೇಡ. ಕಳೆದರೆ ಒಂದಕ್ಕೆ 45 ರೂಪಾಯಿ.